ಕಲ್ಲು ತಿಂದವರ ಹಾಡು: ಹವಾಯಿಯ ಒಂದು ಪುಕ್ಕಟೆ ಸಂಜೆಯ ಸುತ್ತ

ಹವಾಯಿ ದ್ವೀಪಗಳಲ್ಲಿ ಹಿಲೋ ಅಂತ ಒಂದು ಊರು. ಅಲ್ಲಿ ಪ್ರತಿ ವರ್ಷ ಈಸ್ಟರ್ ಹಬ್ಬ ಕಳೆದ ವಾರ ‘ಮೆರಿ ಮೊನಾರ್ಕ್’ ಎಂಬ ಹುಲಾ ಉತ್ಸವ ನಡೆಯುತ್ತದೆ. ಹುಲಾ ಅಂದರೆ ಹಾಡಿಗೆ ಮೈಯಿಂದ ಅರ್ಥ ಹೇಳುವ ಕುಣಿತ. ಗುರುವಾರದಿಂದ ಶನಿವಾರದವರೆಗೆ ಸ್ಪರ್ಧೆ. ಅದಕ್ಕೆ ಟಿಕೆಟ್ ಉಂಟು, ಆ ಟಿಕೆಟ್ ಸಿಗುವುದೇ ಕಷ್ಟ. ಬುಧವಾರದ ಸಂಜೆಗೆ ಮಾತ್ರ ಟಿಕೆಟ್ ಇಲ್ಲ. ಅದರ ಹೆಸರು ‘ಹೋಇಕೆ’. ತೋರಿಸುವುದು ಎಂದು ಅರ್ಥ. ಊರಿನ ಕ್ರೀಡಾಂಗಣದಲ್ಲಿ ಹವಾಯಿಯ ಹುಲಾ ಶಾಲೆಗಳು, ಪೆಸಿಫಿಕ್ ಸಾಗರದ ಬೇರೆ ದ್ವೀಪಗಳ ತಂಡಗಳು ಹಾಡಿ ಕುಣಿಯುತ್ತವೆ. ಅದೇ ವಾರ ಊರೊಳಗೆ ಕಲೆಯ ಸಂತೆ. ಮರದ ಕೆತ್ತನೆ, ಗರಿಯ ಕೆಲಸ, ಕೇದಗೆ ಜಾತಿಯ ಗರಿಯಲ್ಲಿ ಹೆಣೆದ ಚಾಪೆ ಬುಟ್ಟಿ. ಅದನ್ನು ನೋಡುವುದಕ್ಕೂ ದುಡ್ಡಿಲ್ಲ.

ಇದನ್ನೆಲ್ಲ ಇಲ್ಲಿ ಯಾಕೆ ಬರೀತೀರಿ ಅಂತ ಗೆಳೆಯರು ಕೇಳಬಹುದು. ನಾವು ಹಿಲೋಗೆ ಹೋದವರಲ್ಲ. ಧ್ವನಿಮುದ್ರಿಕೆ ಕೇಳಿ, ಚಿತ್ರ ನೋಡಿ, ಪುಸ್ತಕ ಓದಿ ತಿಳಿದವರು. ಆದರೆ ಆ ಒಂದು ಮಾತು, ‘ಪುಕ್ಕಟೆ’ ಅನ್ನುವುದು, ನಮ್ಮ ಕಿವಿಗೆ ಬಿದ್ದಾಗ ಸುಮ್ಮನೆ ಬೀಳುವುದಿಲ್ಲ. ನಮ್ಮ ಅಜ್ಜಂದಿರು ಊರ ಹಬ್ಬಕ್ಕೂ ಊರ ಸಾವಿಗೂ ತಮಟೆ ಬಡಿದರು. ಕೇಳಿದವರಿಗೆ ಅದು ಪುಕ್ಕಟೆ. ಬಡಿದವರಿಗೆ ಬಿಟ್ಟಿ. ಒಂದೇ ತಮಟೆ, ಒಂದೇ ಏಟು, ಎರಡು ಹೆಸರು. ಹಾಗಾಗಿ ಎಲ್ಲಿಯಾದರೂ ಹಾಡು ಪುಕ್ಕಟೆ ಅಂತ ಬೋರ್ಡು ಕಂಡರೆ ನಾವು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಇದು ಕೊಟ್ಟದ್ದೋ, ಕಿತ್ತುಕೊಂಡದ್ದೋ?

ಮೊದಲು ಇನ್ನೊಂದು ಪುಕ್ಕಟೆ ಪ್ರದರ್ಶನದ ಕಥೆ ನೋಡೋಣ.

1937ರಲ್ಲಿ ಹೊನೊಲುಲುವಿನ ವೈಕೀಕಿಯಲ್ಲಿ ‘ಕೊಡಾಕ್ ಹುಲಾ ಶೋ’ ಶುರುವಾಯಿತು. ಶುರು ಮಾಡಿದವನು ಕೊಡಾಕ್ ಕಂಪನಿಯ ಹವಾಯಿ ಶಾಖೆಯ ಅಧಿಕಾರಿ. ಹೋಟೆಲುಗಳಲ್ಲಿ ಹುಲಾ ನಡೆಯುತ್ತಿದ್ದದ್ದು ರಾತ್ರಿ. ರಾತ್ರಿ ಬೆಳಕಿಲ್ಲ, ಬೆಳಕಿಲ್ಲದೆ ಪ್ರವಾಸಿಗರ ಕ್ಯಾಮೆರಾ ಕೆಲಸಕ್ಕೆ ಬಾರದು, ಕ್ಯಾಮೆರಾ ನಡೆಯದಿದ್ದರೆ ಫಿಲಂ ರೋಲು ಖರ್ಚಾಗದು. ಆದ್ದರಿಂದ ಹುಲಾವನ್ನು ಹಗಲಿಗೆ ತಂದರು. ಬಿಸಿಲು ನೋಡುವವರ ಬೆನ್ನಿಗೆ, ಕುಣಿಯುವವರ ಮುಖಕ್ಕೆ ಬೀಳುವಂತೆ ಆಸನ ಹಾಕಿದರು. ಕುಣಿತ ನಿಧಾನ, ಫೋಟೋಕ್ಕೆ ಬೇಕಾದ ನಿಲುವು, ಕೊನೆಗೆ ಹೆಂಗಸರು ಒಂದೊಂದು ಅಕ್ಷರದ ಹಲಗೆ ಎತ್ತಿ ಹಿಡಿದು ‘ಹವಾಯಿ’ ಅಂತ ತೋರಿಸುವುದು. ಅದು 2002ರವರೆಗೆ ನಡೆಯಿತು. ಅರವತ್ತೈದು ವರ್ಷ. ಒಂದು ದಿನವೂ ಟಿಕೆಟ್ ಇರಲಿಲ್ಲ.

ಅಲ್ಲಿ ಕುಣಿದ ಹೆಂಗಸರನ್ನು ನಾವು ಹಳಿಯುವುದಿಲ್ಲ. ಅವರಲ್ಲಿ ಒಳ್ಳೆಯ ಕಲಾವಿದೆಯರಿದ್ದರು, ಹೊಟ್ಟೆಪಾಡಿತ್ತು, ಹೆಮ್ಮೆಯೂ ಇತ್ತು. ನಾವು ನೋಡಬೇಕಾದದ್ದು ಆ ವೇದಿಕೆಯ ಲೆಕ್ಕಾಚಾರ. ಕುಣಿತದ ಹೊತ್ತು, ದಿಕ್ಕು, ವೇಗ ಮೂರನ್ನೂ ನಿರ್ಧರಿಸಿದ್ದು ಕ್ಯಾಮೆರಾ. ಗಾಳದ ಎರೆಹುಳು ಮೀನಿಗೆ ಪುಕ್ಕಟೆ. ಹುಳುವಿನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ.

ಈ ಹುಲಾ ವೈಕೀಕಿಯ ಬಿಸಿಲಿಗೆ ಬರುವ ಮೊದಲು ಏನೇನು ಕಂಡಿತ್ತು? 1820ರಲ್ಲಿ ಅಮೆರಿಕದ ಪಾದ್ರಿಗಳು ಬಂದರು. ಹುಲಾ ಅವರ ಕಣ್ಣಿಗೆ ಪಾಪ, ಸೋಮಾರಿತನ, ಅಸಭ್ಯ. 1830ರಲ್ಲಿ, ಕ್ರೈಸ್ತಮತಕ್ಕೆ ಸೇರಿದ್ದ ರಾಣಿ ಕಾಅಹುಮಾನು ಬಹಿರಂಗ ಹುಲಾವನ್ನು ನಿಷೇಧಿಸಿದಳು. ಕುಣಿತ ಸಾಯಲಿಲ್ಲ, ಹಳ್ಳಿ ಸೇರಿತು. ತಾಯಿಯಿಂದ ಮಗಳಿಗೆ, ಅಜ್ಜಿಯಿಂದ ಮೊಮ್ಮಗಳಿಗೆ ಕದ್ದುಮುಚ್ಚಿ ಹೋಯಿತು. 1883ರಲ್ಲಿ ದೊರೆ ಕಲಾಕಾಉವಾ ತನ್ನ ಪಟ್ಟಾಭಿಷೇಕದಲ್ಲಿ ಹುಲಾವನ್ನು ಅರಮನೆಯ ಅಂಗಳಕ್ಕೆ ಕರೆತಂದ. ಆಗ ಕುಣಿದ ಹುಲಾ ಹಾಡುಗಳ ಪಟ್ಟಿಯನ್ನು ಅಚ್ಚು ಹಾಕಿದ್ದೇ ಅಶ್ಲೀಲ ಅಂತ ಮೊಕದ್ದಮೆ ಹೂಡಿದರು. ಅಚ್ಚಿನ ಮೊಳೆಗೆ ಹೆದರುವ ಜನ ಎಲ್ಲ ಕಾಲದಲ್ಲೂ ಎಲ್ಲ ದೇಶದಲ್ಲೂ ಇರುತ್ತಾರೆ ನೋಡಿ!

‘ಮೆರಿ ಮೊನಾರ್ಕ್’, ಮೋಜುಗಾರ ದೊರೆ, ಅಂದರೆ ಇದೇ ಕಲಾಕಾಉವಾ. ಉತ್ಸವ ಅವನ ಹೆಸರಿನದು. ಹಾಗಂತ ನಾವು ದೊರೆಗಳ ಭಜನೆಗೆ ಕೂರುವುದು ಬೇಡ. 1848ರಲ್ಲಿ ಹವಾಯಿಯ ನೆಲವನ್ನು ದೊರೆ, ಸರದಾರರು ಮತ್ತು ಸರ್ಕಾರದ ನಡುವೆ ಹಂಚಲಾಯಿತು. ಆ ಹಂಚಿಕೆಯಲ್ಲಿ ಕೊನೆಗೆ ಉಳುವ ಸಾಮಾನ್ಯ ಜನಕ್ಕೆ ದಕ್ಕಿದ್ದು ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ನೆಲ ಮಾರಾಟದ ಸರಕಾಗಿ ಕಬ್ಬಿನ ಧಣಿಗಳ ಕೈ ಸೇರಿತು. 1875ರಲ್ಲಿ ಅಮೆರಿಕದೊಂದಿಗೆ ಸಕ್ಕರೆಗೆ ಸುಂಕವಿಲ್ಲದ ಒಪ್ಪಂದ ಮಾಡಿಕೊಂಡವನು ಇದೇ ಕಲಾಕಾಉವಾ. ಆ ಸಕ್ಕರೆ ತಿಂದು ಕೊಬ್ಬಿದ ಧಣಿಗಳೇ 1887ರಲ್ಲಿ ಅವನ ಮುಂದೆ ಬಂದೂಕು ನಿಲ್ಲಿಸಿ ಹೊಸ ಸಂವಿಧಾನಕ್ಕೆ ರುಜು ಹಾಕಿಸಿಕೊಂಡರು. ದೊರೆಯ ಅಧಿಕಾರ ಹೋಯಿತು. ಆಸ್ತಿ ಇಲ್ಲದ ಹವಾಯಿಯರ, ಏಷ್ಯಾದಿಂದ ಬಂದ ಕೂಲಿಗಳ ಮತವೂ ಹೋಯಿತು. ಹುಲಾ ಉಳಿಸಿದವನು ಅನ್ನುವುದು ನಿಜ. ಹಾವಿಗೆ ಹಾಲೆರೆದವನು ಅನ್ನುವುದೂ ನಿಜ. ಅವನನ್ನು ಕೊಂಡಾಡುವ ವೇದಿಕೆಯಿಂದ ಈ ಎರಡನೆಯ ಮಾತೂ ಕೇಳಬೇಕು.

ಆಮೇಲೆ ಬಂತು 1893. ಕಲಾಕಾಉವಾನ ತಂಗಿ ಲಿಲಿಉಓಕಲಾನಿ ಆಗ ರಾಣಿ. ಜನವರಿ 17ರಂದು ಸಕ್ಕರೆ ಮತ್ತು ವ್ಯಾಪಾರದ ಧಣಿಗಳ ಕೂಟ ಅವಳನ್ನು ಗದ್ದುಗೆಯಿಂದ ಇಳಿಸಿತು. ಬೆಂಬಲಕ್ಕೆ ಅಮೆರಿಕದ ಯುದ್ಧನೌಕೆಯಿಂದ ಸೈನಿಕರು ಇಳಿದಿದ್ದರು. ಹೊಸ ಸರ್ಕಾರ ನೌಕರರೆಲ್ಲ ನಿಷ್ಠೆಯ ಪ್ರಮಾಣಕ್ಕೆ ರುಜು ಹಾಕಬೇಕು ಎಂದಿತು. ರಾಯಲ್ ಹವಾಯಿಯನ್ ಬ್ಯಾಂಡಿನ ವಾದಕರ ಮುಂದೆಯೂ ಕಾಗದ ಬಂತು. ಬಹುಪಾಲು ಹವಾಯಿ ವಾದಕರು ಹಾಕುವುದಿಲ್ಲ ಅಂದರು. ಹಾಕದಿದ್ದರೆ ಸಂಬಳ ಇಲ್ಲ, ಕಲ್ಲು ತಿನ್ನಬೇಕಾದೀತು ಅಂತ ಅವರಿಗೆ ಹೇಳಲಾಯಿತು.

ಅವರು ಹೊರಗೆ ನಡೆದರು. ತಮ್ಮದೇ ಬೇರೆ ಬ್ಯಾಂಡು ಕಟ್ಟಿಕೊಂಡರು. ಎಲೆನ್ ಪ್ರೆಂಡರ್ಗಾಸ್ಟ್ ಎಂಬ ಹೆಣ್ಣುಮಗಳ ಬಳಿ ಹೋಗಿ ನಮಗೊಂದು ಹಾಡು ಬರೆದುಕೊಡಿ ಅಂತ ಕೇಳಿದರು. ಅವಳು ಬರೆದದ್ದೇ ‘ಕೌಲಾನಾ ನಾ ಪುಆ’. ಜನರ ಬಾಯಲ್ಲಿ ಅದಕ್ಕೆ ಇನ್ನೊಂದು ಹೆಸರು: ಕಲ್ಲು ತಿನ್ನುವ ಹಾಡು. ಅವಮಾನದ ಮಾತನ್ನೇ ಎತ್ತಿಕೊಂಡು ಆಕೆ ಅದನ್ನು ಉತ್ತರ ಮಾಡಿದಳು. ಧಣಿಯ ದುಡ್ಡಿನ ಎದುರು ತನ್ನ ನೆಲದ ಕಲ್ಲನ್ನಿಟ್ಟು ತೂಗಿದಳು. ಹೊಟ್ಟೆಯ ಮೇಲೆ ಹೊಡೆಯುತ್ತೇವೆ ಅಂತ ಹೆದರಿಸುವವರನ್ನು ಕಂಡಿರುವ ನಮಗೆ ಈ ಹಾಡಿನ ರುಚಿ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ಆ ಹಾಡಿನ ಧಾಟಿ ಉಲ್ಲಾಸದ್ದು. ಭಾಷೆ ಗೊತ್ತಿಲ್ಲದವನು ಕೇಳಿದರೆ ಮದುವೆ ಮನೆಯ ಹಾಡು ಅಂದುಕೊಂಡಾನು, ಕಾಲು ಕುಣಿಸಿಯಾನು. ಕಲ್ಲು ಅವನ ಹಲ್ಲಿಗೆ ಸಿಕ್ಕುವುದೇ ಇಲ್ಲ. ಹಾಡಿದವರು ಎದುರೇ ನಿಂತು ಬಂಡೆದ್ದಿದ್ದಾರೆ, ಕೇಳಿದವನು ಚಪ್ಪಾಳೆ ತಟ್ಟಿದ್ದಾನೆ! ಧಾಟಿ ಪುಕ್ಕಟೆಯಾಗಿ ಸಿಗುತ್ತದೆ, ಅರ್ಥ ಸಿಗುವುದಿಲ್ಲ. ಅರ್ಥಕ್ಕೆ ಭಾಷೆ ಬೇಕು.

ಭಾಷೆಯ ಮೇಲೆ ಕೈ ಹಾಕಿದ್ದೂ ಆ ಧಣಿಗಳೇ. 1896ರಲ್ಲಿ ಶಾಲೆಯ ಕಲಿಕೆ ಇಂಗ್ಲಿಷಿನಲ್ಲೇ ಎಂದು ಕಾನೂನು ಬಂತು. ಹವಾಯಿ ಮಾತು ಆಡಿದ ಮಕ್ಕಳಿಗೆ ಶಿಕ್ಷೆ. ಮರುವರ್ಷ, 1897ರಲ್ಲಿ, ಅಮೆರಿಕಕ್ಕೆ ಸೇರಿಸಬೇಡಿ ಅಂತ 21,000ಕ್ಕೂ ಹೆಚ್ಚು ಜನ ರುಜು ಹಾಕಿದ ಮನವಿ ವಾಷಿಂಗ್ಟನ್ನಿಗೆ ಹೋಯಿತು. ಆಗ ಹವಾಯಿಯ ಮೂಲನಿವಾಸಿಗಳೇ ಸುಮಾರು 40,000. ಅಂದರೆ ಅರ್ಧ ಜನಾಂಗವೇ ಬೇಡ ಅಂದಂತಾಯಿತು. 1898ರಲ್ಲಿ ಸೇರಿಸಿಕೊಂಡೇಬಿಟ್ಟರು. ನೂರು ವರ್ಷ ಆದ ಮೇಲೆ, 1993ರಲ್ಲಿ, ಅಮೆರಿಕದ ಸಂಸತ್ತು ಕ್ಷಮೆ ಕೇಳಿತು. ಕ್ಷಮೆ ಪುಕ್ಕಟೆ, ನೆಲ ವಾಪಸು ಬರಲಿಲ್ಲ.

ರಾಣಿಯ ಕಥೆ ಹೇಳದೆ ಹವಾಯಿಯ ಕಲೆಯ ಮಾತು ಮುಗಿಯುವುದಿಲ್ಲ. ರಾಜ್ಯವನ್ನು ಮರಳಿ ಪಡೆಯಲು 1895ರಲ್ಲಿ ದಂಗೆ ನಡೆದು ಸೋತಾಗ ಅವಳನ್ನು ಅವಳದೇ ಇಓಲಾನಿ ಅರಮನೆಯ ಮಹಡಿಯ ಕೋಣೆಯಲ್ಲಿ ಕೂಡಿಹಾಕಿದರು. ಪತ್ರಿಕೆ ಕೊಡುತ್ತಿರಲಿಲ್ಲ. ಹೊರಗಿನಿಂದ ಬರುವ ಹೂವನ್ನು ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಕಳಿಸುತ್ತಿದ್ದರು. ಹೂವು ಬಿಚ್ಚಿ ಸುದ್ದಿ ಓದುತ್ತಿದ್ದಳು. ವಾದ್ಯವಿಲ್ಲದೆ, ಪೆನ್ಸಿಲು ಕಾಗದದಲ್ಲೇ ಹಾಡು ಕಟ್ಟಿದಳು. ಸಂಗಾತಿಯೊಂದಿಗೆ ಕೂತು ಬಟ್ಟೆಯ ತುಂಡು ಸೇರಿಸಿ ಕೌದಿ ಹೊಲಿದಳು, ಅದರ ಮೇಲೆ ದಾರದಲ್ಲಿ ಹೆಸರು, ತಾರೀಖುಗಳನ್ನು ಬರೆದಳು. ಆ ಕೌದಿ ಇವತ್ತೂ ಆ ಅರಮನೆಯಲ್ಲಿದೆ. ಚರಿತ್ರೆ ಬರೆಯಲು ಕಾಗದ ಸಿಗದವರು ಬಟ್ಟೆಯ ಮೇಲೆ ಬರೆಯುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಅವಳು 1878ರಲ್ಲಿ ಕಟ್ಟಿದ ‘ಅಲೋಹಾ ಓಎ’ ಮಾತ್ರ ಬಂದರಿನಲ್ಲಿ ಪ್ರವಾಸಿಗರ ಹಡಗು ಬೀಳ್ಕೊಡುವ ಹಾಡಾಯಿತು. ದೇಶ ಕಳಕೊಂಡವಳ ಹಾಡಿಗೆ ದೇಶ ನೋಡಲು ಬಂದವರು ಕರವಸ್ತ್ರ ಬೀಸಿದರು.

ಇನ್ನು ಹವಾಯಿ ಸಂಗೀತ ಅಂದ ಕೂಡಲೆ ಜನ ನೆನೆಯುವ ವಾದ್ಯಗಳು. ಉಕುಲೆಲೆ ಬಂದದ್ದು ಕೂಲಿಗಳ ಹಡಗಿನಲ್ಲಿ. 1879ರಲ್ಲಿ ಪೋರ್ಚುಗಲ್ಲಿನ ಮದೀರಾ ದ್ವೀಪದಿಂದ ಕಬ್ಬಿನ ತೋಟಕ್ಕೆ ಬಂದ ಬಡವರು ತಂದ ಪುಟ್ಟ ತಂತಿವಾದ್ಯವೇ ಅಲ್ಲಿಯ ಬಡಗಿಗಳ ಕೈಯಲ್ಲಿ ಉಕುಲೆಲೆ ಆಯಿತು. ಗಿಟಾರು ಬಂದದ್ದು ದನ ಕಾಯಲು ಕರೆಸಿದ ಮೆಕ್ಸಿಕೋದವರ ಜೊತೆ. ಜಪಾನಿನಿಂದ ಬಂದ ಕೂಲಿ ಹೆಂಗಸರು ಕಬ್ಬಿನ ಒಣ ರವದಿ ಸುಲಿಯುತ್ತಾ ಹಾಡಿದ ‘ಹೋಲೆ ಹೋಲೆ ಬುಶಿ’ ಎಂಬ ದುಡಿಮೆಯ ಹಾಡುಗಳೂ ಹವಾಯಿಯವೇ. ಆದರೆ ಹವಾಯಿ ಸಂಗೀತ ಅಂತ ಹೋಟೆಲಿನಲ್ಲಿ ಮಾರಾಟಕ್ಕಿಟ್ಟ ಬುಟ್ಟಿಯಲ್ಲಿ ಕಬ್ಬಿನ ರವದಿಯ ಹಾಡನ್ನು ನೀವು ಕಾಣುವುದಿಲ್ಲ. ಅದರಲ್ಲಿ ತೆಂಗಿನ ಮರ ಉಂಟು, ಬೆಳದಿಂಗಳು ಉಂಟು. ಕೂಲಿಯವಳ ಕುಯ್ದ ಬೆರಳು ಇಲ್ಲ.

ಮಡಿಲ ಮೇಲೆ ಮಲಗಿಸಿ ಉಕ್ಕಿನ ತುಂಡು ಜಾರಿಸಿ ನುಡಿಸುವ ಗಿಟಾರು ಹವಾಯಿಯ ಜೋಸೆಫ್ ಕೆಕುಕು ಎಂಬ ಹುಡುಗನ ಹೆಸರಿಗೆ ಸೇರಿದ್ದು. ಅದು ಲೋಕ ಸುತ್ತಿ ಕಲ್ಕತ್ತೆಗೂ ಬಂತು. ಅಲ್ಲಿಂದ ನಮ್ಮ ಸಿನಿಮಾ ಹಾಡಿನ ವಾದ್ಯವೃಂದ ಸೇರಿತು. ರೇಡಿಯೋದಲ್ಲಿ ಆ ಜಾರುವ ನಾದ ಕೇಳಿ ಬೆಳೆದವರು ನಾವೂ ಇದ್ದೇವೆ. ಬ್ರಿಜ್ ಭೂಷಣ್ ಕಾಬ್ರಾ, ವಿಶ್ವಮೋಹನ ಭಟ್ಟರ ಕೈಯಲ್ಲಿ ಅದು ರಾಗ ನುಡಿಯಿತು. ಒಳ್ಳೆಯದೇ. ಆದರೆ ಹವಾಯಿ ಅನ್ನುವುದು ಒಂದು ಗಿಟಾರಿನ ಜಾತಿ ಅಂತ ಮಾತ್ರ ನಮಗೆ ಗೊತ್ತಾಯಿತು, ಒಂದು ಕಿತ್ತುಕೊಂಡ ನಾಡು ಅಂತ ಗೊತ್ತಾಗಲಿಲ್ಲ. ನಾವೂ ಧಾಟಿ ತಗೊಂಡೆವು, ಅರ್ಥ ಬಿಟ್ಟೆವು.

ಈಗ ಹಿಲೋಗೆ ಮರಳೋಣ. ಆ ಉತ್ಸವದ ಹುಟ್ಟೂ ಪರಿಶುದ್ಧವೇನಲ್ಲ. 1960ರ ಸುನಾಮಿಯಲ್ಲಿ ಹಿಲೋ ಕೊಚ್ಚಿಹೋಯಿತು, 61 ಜನ ಸತ್ತರು. ಕಬ್ಬಿನ ಆದಾಯವೂ ಇಳಿಮುಖ. ಪ್ರವಾಸಿಗರನ್ನು ಸೆಳೆಯಲೆಂದೇ 1964ರಲ್ಲಿ ಉತ್ಸವ ಆರಂಭಿಸಿದರು. ಮೊದಮೊದಲು ದೊರೆಯಂತೆ ಗಡ್ಡ ಬಿಟ್ಟವರ ಸ್ಪರ್ಧೆ, ಪಟ್ಟಾಭಿಷೇಕದ ನಾಟಕ, ಇಂಥವೇ. 1971ರಲ್ಲಿ ಹುಲಾ ಸ್ಪರ್ಧೆ ಬಂತು. 1976ರಲ್ಲಿ ಗಂಡಸರೂ ಸ್ಪರ್ಧೆಗಿಳಿದರು. ಅಲ್ಲಿಂದ ಉತ್ಸವದ ಚುಕ್ಕಾಣಿ ಹುಲಾ ಗುರುಗಳ ಕಡೆ ತಿರುಗಿತು. ಸ್ಪರ್ಧೆಗೆ ಬರುವ ತಂಡ ತನ್ನ ಹಾಡಿನ ಪಾಠ, ಅರ್ಥ, ಹಿನ್ನೆಲೆ ಬರೆದುಕೊಡಬೇಕು. ಅಂದರೆ ಅರ್ಥ ಗೊತ್ತಿಲ್ಲದೆ ಸೊಂಟ ತಿರುಗಿಸಿದರೆ ನಡೆಯುವುದಿಲ್ಲ. ಪುಕ್ಕಟೆ ಸಂಜೆ ನಡೆಯುವ ಕ್ರೀಡಾಂಗಣಕ್ಕೆ ಈಡಿತ್ ಕನಕಓಲೆ ಎಂಬ ಹುಲಾ ಗುರುವಿನ ಹೆಸರಿದೆ. ಆಕೆ ತಾಯಿಯಿಂದ ಕಲಿತವಳು, ಮಕ್ಕಳಿಗೆ ಕಲಿಸಿದವಳು, ಶಾಲೆ ಕಾಲೇಜಿನಲ್ಲಿ ಭಾಷೆ ಹಾಡು ಹೇಳಿಕೊಟ್ಟು 1979ರಲ್ಲಿ ತೀರಿಕೊಂಡವಳು.

ಹಳ್ಳಿಯ ಮೇಷ್ಟರುಗಳು ಇದನ್ನು ಗಮನಿಸಬೇಕು. 1978ರಲ್ಲಿ ಹವಾಯಿ ಮಾತು ಇಂಗ್ಲಿಷಿನ ಜೊತೆ ರಾಜ್ಯದ ಅಧಿಕೃತ ಭಾಷೆ ಆಯಿತು. ಆದರೂ ಶಾಲೆಯ ಬಾಗಿಲು ಮುಚ್ಚಿಯೇ ಇತ್ತು. 1984ರಲ್ಲಿ ಕೆಲವು ತಾಯಿ ತಂದೆ, ಶಿಕ್ಷಕರು ಸೇರಿ ‘ಪೂನಾನಾ ಲಿಯೋ’, ಮಾತಿನ ಗೂಡು, ಎಂಬ ಶಿಶುಶಾಲೆ ತೆರೆದರು. ಕಾನೂನು ಸಡಿಲವಾದದ್ದು 1986ರಲ್ಲಿ. ಕಾನೂನು ಬರಲಿ ಆಮೇಲೆ ಕಲಿಸೋಣ ಅಂತ ಅವರು ಕಾದು ಕೂರಲಿಲ್ಲ. ಇವತ್ತು ಹಿಲೋದ ಪುಕ್ಕಟೆ ಸಂಜೆಯಲ್ಲಿ ಹಾಡಿನ ಅರ್ಥ ತಿಳಿದು ಕೂರುವ ಯುವಕರಿದ್ದರೆ ಅದು ಆ ಗೂಡುಗಳ ದುಡಿಮೆ.

ಹಾಡುಗಾರ ಬರೀ ಹಾಡಿಕೊಂಡಿರಬೇಕು ಅನ್ನುವವರಿಗೆ ಜಾರ್ಜ್ ಹೆಲ್ಮ್ ನೆನಪಾಗಲಿ. ಕಹೊಓಲವೆ ಎಂಬ ದ್ವೀಪವನ್ನು ಅಮೆರಿಕದ ಸೈನ್ಯ 1941ರಿಂದ ಬಾಂಬು ಹಾಕಿ ಗುರಿ ಕಲಿಯುವ ಜಾಗ ಮಾಡಿಕೊಂಡಿತ್ತು. 1976ರಲ್ಲಿ ಹವಾಯಿಯ ಯುವಕರು ದೋಣಿಯಲ್ಲಿ ಹೋಗಿ ಆ ನೆಲದ ಮೇಲೆ ನಿಂತರು. ಅವರಲ್ಲಿ ಹೆಲ್ಮ್ ಒಬ್ಬ. ಒಳ್ಳೆಯ ಕಂಠದ ಗಾಯಕ. 1977ರ ಮಾರ್ಚಿನಲ್ಲಿ ಅವನೂ ಗೆಳೆಯ ಕಿಮೋ ಮಿಚೆಲ್ಲನೂ ಆ ಕಡಲಲ್ಲಿ ಕಾಣೆಯಾದರು. ಅವನಿಗೆ ಆಗ ಇಪ್ಪತ್ತಾರು ವರ್ಷ. ಬಾಂಬು ನಿಂತದ್ದು 1990ರಲ್ಲಿ.

ಕಡೆಯದಾಗಿ ನಮ್ಮ ಮನೆ ಬಾಗಿಲಿನ ಮಾತು. ಹಿಲೋದ ಬೆನ್ನಿಗೇ ಮೌನಾ ಕೆಆ ಬೆಟ್ಟ. 1893ರಲ್ಲಿ ಉರುಳಿದ ರಾಜ್ಯದ ನೆಲ ಅದು. 1968ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯಕ್ಕೆ ಗುತ್ತಿಗೆ ಕೊಟ್ಟರು. ಬಾಡಿಗೆ ವರ್ಷಕ್ಕೆ ಒಂದು ಡಾಲರ್. ಹಾಡಷ್ಟೇ ಅಲ್ಲ, ನೆಲವೂ ಪುಕ್ಕಟೆ! ಅಲ್ಲಿ ಈಗಾಗಲೇ ಹತ್ತಕ್ಕೂ ಹೆಚ್ಚು ದೂರದರ್ಶಕಗಳು ಎದ್ದಿದ್ದವು. ಮೂವತ್ತು ಮೀಟರಿನ ಇನ್ನೊಂದು ದೊಡ್ಡದನ್ನು ಕಟ್ಟಲು ಹೊರಟಾಗ, 2019ರ ಜುಲೈನಲ್ಲಿ, ಜನ ರಸ್ತೆಗೆ ಅಡ್ಡ ಕೂತರು. 17ನೇ ತಾರೀಖು ಮೂವತ್ತಕ್ಕೂ ಹೆಚ್ಚು ಹಿರಿಯರನ್ನು ಪೊಲೀಸರು ಹೊತ್ತೊಯ್ದರು. ಆ ರಸ್ತೆಯಲ್ಲಿ ದಿನಕ್ಕೆ ಮೂರು ಹೊತ್ತು ಮಂತ್ರದಂಥ ಹಾಡು, ಹುಲಾ ನಡೆಯಿತು. ಬಂದವರಿಗೆ ಊಟ, ಪಾಠ, ಎಲ್ಲವೂ ಪುಕ್ಕಟೆ. ಕೆಲಸ ನಿಂತಿತು.

ಆ ದೂರದರ್ಶಕದ ಪಾಲುದಾರರಲ್ಲಿ ಭಾರತವೂ ಒಂದು. 2014ರಲ್ಲಿ ಕೇಂದ್ರ ಸಂಪುಟ ಸುಮಾರು 1,300 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಭಾರತದ ಪಾಲಿನ ಕೆಲಸದ ಮುಂದಾಳು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಕನ್ನಡಿಯ ತುಂಡುಗಳಿಗೆ ಹೊಳಪು ಕೊಡುವ ಕೆಲಸಕ್ಕೆ ಗೊತ್ತಾದ ಜಾಗ ನಮ್ಮ ಹೊಸಕೋಟೆ. ನಾವು ವಿಜ್ಞಾನದ ವಿರೋಧಿಗಳಲ್ಲ. ಮೌಢ್ಯದ ವಿರುದ್ಧ ಬೀದಿಗಿಳಿದವರು ನಾವು. ಬೆಟ್ಟ ದೇವರು ಅಂತ ಕೈಮುಗಿಯಿರಿ ಅಂತಲೂ ಹೇಳುತ್ತಿಲ್ಲ. ಹೊಸಕೋಟೆಯ ಕನ್ನಡಿಯಲ್ಲಿ ನಕ್ಷತ್ರ ಕಾಣಲಿ, ಸಂತೋಷ. ಆದರೆ ಕೇಳದೆ ತೆಗೆದುಕೊಂಡ ಅಂಗಳದಲ್ಲಿ ನಿಂತು ಆಕಾಶ ನೋಡುವುದು ಯಾವ ವಿಜ್ಞಾನ? ಅದು ದೇವರು ಮತ್ತು ದೂರದರ್ಶಕದ ಜಗಳ ಅಂತ ಪತ್ರಿಕೆಗಳು ಬರೆದವು. ನಮಗೆ ಕಂಡದ್ದು ಹಳೆಯ ಬಿಟ್ಟಿಯ ಲೆಕ್ಕ.

ಹಾಗಾದರೆ ಹಿಲೋದ ಬುಧವಾರದ ಸಂಜೆ ಕೊಟ್ಟದ್ದೋ, ಕಿತ್ತುಕೊಂಡದ್ದೋ? ನಮ್ಮ ಉತ್ತರ ಇದು. ಕೊಡುವುದಿಲ್ಲ ಅನ್ನುವ ಹಕ್ಕು ಉಳ್ಳವನು ಕೊಟ್ಟರೆ ಅದು ಕೊಡುಗೆ. ಆ ಹಕ್ಕಿಲ್ಲದವನ ಕೈಯಿಂದ ಬಂದದ್ದೆಲ್ಲ ಬಿಟ್ಟಿ, ಅದಕ್ಕೆ ಎಷ್ಟೇ ಹೂಮಾಲೆ ಹಾಕಿ. ವೈಕೀಕಿಯ ವೇದಿಕೆಯಲ್ಲಿ ಆ ಹಕ್ಕು ಕಂಪನಿಯದಾಗಿತ್ತು. ಹಿಲೋದಲ್ಲಿ ಅದು ಹುಲಾ ಗುರುಗಳ ಕೈಗೆ ಬಂದಿದೆ, ಪೂರ್ತಿ ಅಲ್ಲ, ಬಹುಮಟ್ಟಿಗೆ. ಆ ಸಂಜೆ ಕುಣಿಯುವ ತಂಡ ನಾಳೆ ಬೆಟ್ಟದ ರಸ್ತೆಯಲ್ಲಿ ಅಡ್ಡ ನಿಂತೂ ಕುಣಿಯಬಲ್ಲದು. ಬೇಡ ಅನ್ನಲು ಕಲಿತ ಮೈ ಕುಣಿದಾಗ ಮಾತ್ರ ಅದು ನೋಡುವವರಿಗೂ ಏನಾದರೂ ಕಲಿಸೀತು.

1893ರಲ್ಲಿ ರುಜು ಹಾಕದ ವಾದಕರು ಬಿಟ್ಟುಹೋದ ಆ ಬ್ಯಾಂಡು ಇವತ್ತೂ ಇದೆ. ಈಗ ಅದು ಹೊನೊಲುಲು ನಗರಾಡಳಿತದ್ದು. ರಾಣಿಯನ್ನು ಕೂಡಿಹಾಕಿದ ಅದೇ ಅರಮನೆಯ ಅಂಗಳದಲ್ಲಿ ಅದು ಪುಕ್ಕಟೆ ನುಡಿಸುತ್ತದೆ. ಹೋಗುವ ಭಾಗ್ಯ ಯಾರಿಗಾದರೂ ಬಂದರೆ ಹೋಗಿ ಕೇಳಿ, ಗೆಳೆಯರೆ. ಕೇಳಿ ಎದ್ದು ಬರುವ ಮುನ್ನ ಆ ಹಾಡಿನ ಅರ್ಥ ಏನು ಅಂತ ಪಕ್ಕದಲ್ಲಿ ಕೂತ ಹವಾಯಿಯವರನ್ನು ಕೇಳಿ. ಅಷ್ಟು ಬೆಲೆಯನ್ನಾದರೂ ನಾವು ತೆತ್ತು ಬರಬೇಕು.